‘ತಿಳಿಯಲಿಲ್ಲ’ ಎಂಬ ಮಾತಿನ ಬೆಲೆ

ವರ್ತಕರು ಹಾಗೂ ಉದ್ದಿಮೆದಾರರು ಓದುವ ಪತ್ರಿಕೆಯಲ್ಲಿ ನಿವೃತ್ತ ಶಾಲಾ ಮಾಸ್ತರನೊಬ್ಬ ಬರೆಯಬೇಕಾದರೆ ಅದಕ್ಕೆ ತಕ್ಕ ಕಾರಣವಿರಬೇಕು. ನನ್ನ ಕಾರಣದ ಮೊತ್ತ ಎರಡು ಲಕ್ಷ ರೂಪಾಯಿ. ಆ ಹಣ ನನ್ನದಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನದು. ಅದು ಹೋದದ್ದು ಚೀನೀ ಲಿಪಿಯ ಒಂದೇ ಒಂದು ಅಕ್ಷರದ ದೆಸೆಯಿಂದ. ಆದರೆ ಅದು ಹೋಗಲು ದಾರಿ ಮಾಡಿಕೊಟ್ಟದ್ದು ನನ್ನ ತರಗತಿಯೇ ಎಂಬ ಸಂಗತಿ ನನಗೆ ತಡವಾಗಿ ಅರಿವಾಯಿತು. ಆ ಅರಿವನ್ನು ವರ್ತಕ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮಡಿವಾಳ ಮಾಚಿದೇವರು ಹುಟ್ಟಿದ ದೇವರ ಹಿಪ್ಪರಗಿ ನನ್ನ ಊರು. ಈಗ ತಾನೇ ಒಂದು ತಾಲ್ಲೂಕು ಕೇಂದ್ರವಾಗಿರುವ ಈ ಊರು ನಾನು ನೌಕರಿಗೆ ಸೇರಿದ 1987ರಲ್ಲಿ ಸಿಂದಗಿ ತಾಲ್ಲೂಕಿಗೆ ಸೇರಿತ್ತು. ಅಂದಿನಿಂದ 2022ರವರೆಗೆ, ಮೂವತ್ತೈದು ವರ್ಷ, ಈ ಭಾಗದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದೆ. ನನ್ನ ಕೈಯಲ್ಲಿ ಕಲಿತವರಲ್ಲಿ ಹಲವರು ಇಂದು ಅಡತಿ ಅಂಗಡಿ, ಬೇಳೆ ಗಿರಣಿ, ಎಣ್ಣೆ ಗಾಣ, ಬಿಡಿಭಾಗಗಳ ವ್ಯಾಪಾರ ನಡೆಸುತ್ತಿದ್ದಾರೆ. ನಾನು ಹೇಳಹೊರಟಿರುವವನೂ ಅಂಥವನೇ. ಅವನ ಹೆಸರು ಇಲ್ಲಿ ಬೇಡ.

ಒಂದು ಅಕ್ಷರದ ನಷ್ಟ

2018ರಲ್ಲಿ ಅವನು ತನ್ನ ಸಣ್ಣ ಬೇಳೆ ಗಿರಣಿಗೆ ಬಣ್ಣದ ಮೇಲೆ ಕಾಳು ವಿಂಗಡಿಸುವ ಯಂತ್ರವೊಂದನ್ನು, ನೀವೆಲ್ಲ ಕಲರ್ ಸಾರ್ಟರ್ ಎನ್ನುವ ಯಂತ್ರವನ್ನು, ತರಿಸಲು ನಿಶ್ಚಯಿಸಿದ. ಚೀನಾದ ಆನ್‌ಹುಯಿ ಪ್ರಾಂತದ ಹಫೆಯ್ ನಗರದಲ್ಲಿ ಇಂಥ ಯಂತ್ರಗಳ ಕಾರ್ಖಾನೆಗಳು ಹಲವಿವೆ. ಅಲ್ಲಿನ ಒಂದು ಕಾರ್ಖಾನೆಯೊಡನೆ ದೂರವಾಣಿಯಲ್ಲಿ ಮಾತುಕತೆ ನಡೆಯಿತು. ಬೆಲೆ ಸುಮಾರು ಹತ್ತು ಲಕ್ಷ. ಆ ಕಡೆಯಿಂದ ಇಂಗ್ಲಿಷಿನಲ್ಲಿ ಮಾತನಾಡಿದವಳು ಒಬ್ಬ ಯುವತಿ. ಪ್ರತಿ ಮಾತಿನ ಕೊನೆಗೂ ಆಕೆ ‘ಸ್ಪಷ್ಟವಾಯಿತೇ?’ ಎಂದು ಕೇಳುತ್ತಿದ್ದಳಂತೆ. ಇವನು ಪ್ರತಿ ಸಲವೂ ‘ಯಸ್, ಯಸ್’ ಎಂದನಂತೆ. ಒಪ್ಪಂದದ ಕಾಗದ ಬಂತು. ಚೀನೀ ಭಾಷೆಯಲ್ಲಿ ಒಂದು ಪುಟ, ಇಂಗ್ಲಿಷಿನಲ್ಲಿ ಒಂದು ಪುಟ. ಇವನು ಸಹಿ ಹಾಕಿ ಪ್ರತಿಶತ ಇಪ್ಪತ್ತರಷ್ಟು ಹಣ ಕಳಿಸಿದ.

ಮುಂದೆ ನಿರೀಕ್ಷಿಸಿದ್ದ ಬ್ಯಾಂಕ್ ಸಾಲ ಮಂಜೂರಾಗಲಿಲ್ಲ. ಯಂತ್ರ ಬೇಡವೆಂದು ತಿಳಿಸಿ, ಕೊಟ್ಟ ಮುಂಗಡವನ್ನು ಮರಳಿ ಕೇಳಿದ. ‘ಅದು ತಿಂಗ್‌ಚಿನ್, ಮರಳಿ ಬರುವುದಿಲ್ಲ’ ಎಂದು ಉತ್ತರ ಬಂತು. ಆ ಕಾಗದ ಹಿಡಿದುಕೊಂಡು ಅವನು ನನ್ನ ಮನೆಗೆ ಬಂದ.

‘ಗುರುಗಳ, ಇಂಗ್ಲಿಷ್ ಕಲಿಸಿದವರು ನೀವ. ಇದರಾಗ ಏನೈತಿ ಓದಿ ಹೇಳ್ರಿ’ ಎಂದ.

ಇಂಗ್ಲಿಷ್ ಪುಟದಲ್ಲಿ ‘ಡಿಪಾಸಿಟ್’ ಎಂದಷ್ಟೇ ಇತ್ತು. ಎರಡು ಪುಟಗಳಲ್ಲಿ ಭಿನ್ನತೆ ಕಂಡುಬಂದರೆ ಚೀನೀ ಪುಟವೇ ಪ್ರಮಾಣ ಎಂಬ ಸಾಲು ಕೊನೆಯಲ್ಲಿತ್ತು. ಆ ಸಾಲನ್ನು ಅವನು ಓದಿರಲಿಲ್ಲ. ಚೀನೀ ಪುಟದಲ್ಲಿ ಏನಿದೆಯೆಂದು ಹೇಳುವ ಯೋಗ್ಯತೆ ನನಗೂ ಇರಲಿಲ್ಲ.

ಆ ಪುಟದ ಮರ್ಮವನ್ನು ನಾನು ಎರಡು ವರ್ಷಗಳ ಅಭ್ಯಾಸದ ನಂತರ ಅರಿತೆ. ಚೀನೀ ಭಾಷೆಯಲ್ಲಿ ‘ತಿಂಗ್‌ಚಿನ್’ ಎಂದು ಉಚ್ಚರಿಸುವ ಎರಡು ಪದಗಳಿವೆ. ಎರಡರ ಧ್ವನಿ ಒಂದೇ, ಸ್ವರದ ಏರಿಳಿತವೂ ಒಂದೇ. ಬರೆಯುವಾಗ ಮೊದಲ ಅಕ್ಷರ ಮಾತ್ರ ಬೇರೆ. ಒಂದರ ಅರ್ಥ ಬರಿಯ ಮುಂಗಡ. ವ್ಯವಹಾರ ಮುರಿದರೆ ಸಾಮಾನ್ಯವಾಗಿ ಅದನ್ನು ಮರಳಿ ಕೇಳಬಹುದು. ಇನ್ನೊಂದರ ಅರ್ಥ ನಮ್ಮ ಸಂಚಕಾರ. ಕೊಟ್ಟವನು ಹಿಂಜರಿದರೆ ಹಣ ಹೋಯಿತು. ಪಡೆದವನು ಹಿಂಜರಿದರೆ ಎರಡರಷ್ಟು ಮರಳಿಸಬೇಕು. 2021ರ ಜನವರಿ 1ರಿಂದ ಜಾರಿಯಲ್ಲಿರುವ ಚೀನಾದ ನಾಗರಿಕ ಸಂಹಿತೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅದಕ್ಕೂ ಹಿಂದಿನ ಕಾಯದೆಯಲ್ಲಿಯೂ ಇದೇ ನಿಯಮವಿತ್ತು. ಸಂಚಕಾರವು ಒಪ್ಪಂದದ ಮೊತ್ತದ ಪ್ರತಿಶತ 20ನ್ನು ಮೀರಬಾರದೆಂಬ ಮಿತಿಯೂ ಉಂಟು.

ಜಮೀನಿನ ವ್ಯವಹಾರದಲ್ಲಿ ಸಂಚಕಾರ ಪತ್ರವೆಂದರೇನು ಎಂಬುದು ನಮ್ಮ ಭಾಗದ ಯಾವ ರೈತನಿಗೂ ಗೊತ್ತು. ನನ್ನ ವಿದ್ಯಾರ್ಥಿಗೂ ಗೊತ್ತಿತ್ತು. ‘ಇದು ಮುಂಗಡವೋ, ಸಂಚಕಾರವೋ?’ ಎಂದು ಅವನು ಕೇಳಿದ್ದರೆ ಸಾಕಿತ್ತು. ಕಾರ್ಖಾನೆಯವರು ಮೋಸ ಮಾಡಿದರೆಂದು ನಾನು ಹೇಳಲಾರೆ; ಅವರ ಕಾಗದದಲ್ಲಿ ಅವರ ಮಾತು ಇತ್ತು. ಇವನು ಕೇಳಲಿಲ್ಲ, ಅಷ್ಟೇ.

ಏಕೆ ಕೇಳಲಿಲ್ಲವೆಂದು ಅಂದು ಸ್ವಲ್ಪ ಗದರಿಸಿಯೇ ಕೇಳಿದೆ. ಅವನು ತಲೆ ತಗ್ಗಿಸಿ ಹೇಳಿದ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ: ‘ತಿಳೀಲಿಲ್ಲ ಅಂತ ಹೆಂಗ ಅನ್ನೂದರಿ ಗುರುಗಳ? ನಿಮ್ಮ ಕ್ಲಾಸಿನ್ಯಾಗ ತಿಳೀಲಿಲ್ಲ ಅಂದರ ಬೆತ್ತ ಬೀಳತಿತ್ತು. ತಿಳೀತು ಅಂದರ ಕೂಡಂತಿದ್ರಿ. ಆ ರೂಢಿ ಹಂಗ ಉಳೀತು.’

ತಕ್ಕಡಿಯ ಬಳಿ ಕಲಿತ ಭಾಷೆ

ಈ ಮಾತಿನ ತೂಕ ತಿಳಿಯಬೇಕಾದರೆ ನನ್ನ ತಂದೆಯವರ ವಿಷಯ ಹೇಳಬೇಕು. ಅವರು ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವರು. ಆದರೂ ಸೊಲ್ಲಾಪುರದ ವ್ಯಾಪಾರಿ ಬಂದರೆ ಮರಾಠಿ, ಲಾರಿಯವರೊಡನೆ ದಖ್ಖನಿ, ಆಂಧ್ರದ ಕಡೆಯ ಮೆಣಸಿನಕಾಯಿ ದಲಾಲರೊಡನೆ ತೆಲುಗು ಆಡುತ್ತಿದ್ದರು. ಇವನ್ನು ಅವರು ಹೇಗೆ ಕಲಿತರೆಂದು ನಾನೊಮ್ಮೆ ಕೇಳಿದ್ದುಂಟು. ‘ಮೊದಲು ಲೆಕ್ಕ ಕಲಿತೆ, ಆಮೇಲೆ ತೂಕ ಕಲಿತೆ, ಆಮೇಲೆ ಇನ್ನೊಮ್ಮೆ ಹೇಳ್ರಿ ಅನ್ನೂದು ಕಲಿತೆ. ಉಳಿದದ್ದು ತಾನ ಬಂತು’ ಎಂದಿದ್ದರು.

ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕಟ್ಟುವುದನ್ನು ನೀವೆಲ್ಲ ಕಂಡಿದ್ದೀರಿ. ಬೆರಳಿನ ಅಳತೆ ತಪ್ಪಿದರೆ ಕೈ ಬಿಡಿಸಿಕೊಂಡು ಮತ್ತೆ ಹಿಡಿಯುತ್ತಾರೆ. ಅಲ್ಲಿ ಯಾರಿಗೂ ನಾಚಿಕೆಯಿಲ್ಲ. ಚೀನಾದ ಹಳೆಯ ದನದ ಪೇಟೆಗಳಲ್ಲಿಯೂ ಅಂಗಿಯ ತೋಳಿನೊಳಗೆ ಕೈಯಿಟ್ಟು ಹೀಗೆಯೇ ದರ ಕಟ್ಟುತ್ತಿದ್ದರೆಂದು ಮುಂದೆ ಓದಿ ನನಗೆ ಸಂತೋಷವಾಯಿತು. ವ್ಯಾಪಾರಿಗೆ ಪರಭಾಷೆ ಹೊಸದಲ್ಲ. ಗಡಿಭಾಗದ ನಮ್ಮ ಪೇಟೆಗಳಲ್ಲಿ ಮೂರು ಭಾಷೆ ಬಾರದ ಅಡತಿದಾರ ಅಪರೂಪ. ಅದೇ ವ್ಯಾಪಾರಿ ಇಂಗ್ಲಿಷ್ ಎದುರಾದೊಡನೆ ಮೂಕನಾಗುವುದೇಕೆ? ಮರಾಠಿಯನ್ನು ಅವನು ತಕ್ಕಡಿಯ ಬಳಿ ಕಲಿತ. ಇಂಗ್ಲಿಷನ್ನು ಬೆತ್ತದ ಬಳಿ ಕಲಿತ. ಬೆತ್ತ ಹಿಡಿದವರಲ್ಲಿ ನಾನೂ ಒಬ್ಬ.

ನನ್ನ ಇಂಗ್ಲಿಷ್ ಕಲಿಕೆಯೂ ಹಾಗೆಯೇ ಆಗಿತ್ತು. ಐದನೆಯ ಇಯತ್ತೆಯಲ್ಲಿ ಅಕ್ಷರ ಆರಂಭ. ವ್ಯಾಕರಣದ ಸೂತ್ರಗಳೆಲ್ಲ ಬಾಯಿಪಾಠ. ಧಾರವಾಡದಲ್ಲಿ ಪದವಿ ಮುಗಿಸುವವರೆಗೂ ಒಂದು ಪೂರ್ಣ ವಾಕ್ಯವನ್ನು ಮತ್ತೊಬ್ಬ ಮನುಷ್ಯನ ಎದುರು ಆಡಿದವನಲ್ಲ. ನೌಕರಿ ಸೇರಿ ಕೆಲವು ವರ್ಷಗಳಾದ ಮೇಲೆ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ತರಬೇತಿಗಾಗಿ ಹೋದೆ. ಇಂಗ್ಲಿಷ್ ಶಿಕ್ಷಕರನ್ನು ತಯಾರು ಮಾಡಲೆಂದೇ 1963ರಲ್ಲಿ ಆರಂಭವಾದ ಸಂಸ್ಥೆಯದು. ಮೊದಲ ದಿನ ಊಟದ ಸಾಲಿನಲ್ಲಿ ಕೇರಳದ ಶಿಕ್ಷಕರೊಬ್ಬರು ಏನೋ ಕೇಳಿದರು. ನಾನು ‘ಯಸ್’ ಎಂದೆ. ಅವರು ನನ್ನ ತಟ್ಟೆಯಲ್ಲಿದ್ದ ಹಪ್ಪಳ ಎತ್ತಿಕೊಂಡರು! ಅವರು ಕೇಳಿದ್ದು ‘ಇದು ನಿಮಗೆ ಬೇಡವೇ?’ ಎಂದು. ಅಂದು ನಕ್ಕು ಸುಮ್ಮನಾದೆ. ಅದೇ ‘ಯಸ್’ ಮುಂದೊಂದು ದಿನ ನನ್ನ ವಿದ್ಯಾರ್ಥಿಗೆ ಎರಡು ಲಕ್ಷದ ಹೊರೆಯಾದೀತೆಂದು ಆಗ ಹೇಗೆ ತಿಳಿಯಬೇಕು?

ಐವತ್ತಾರರಲ್ಲಿ ಮತ್ತೆ ವಿದ್ಯಾರ್ಥಿ

ಆ ಕಾಗದ ನನ್ನ ಮೇಜಿನ ಮೇಲೆ ಉಳಿಯಿತು. ನನ್ನ ಐವತ್ತಾರನೆಯ ವಯಸ್ಸಿನಲ್ಲಿ, ನಿವೃತ್ತಿಗೆ ನಾಲ್ಕು ವರ್ಷವಿರುವಾಗ, ಚೀನೀ ಭಾಷೆ ಕಲಿಯಲು ಕುಳಿತೆ. ಬೆಂಗಳೂರಿನಿಂದ ಮಗ ಪಠ್ಯಪುಸ್ತಕ ತಂದುಕೊಟ್ಟ. ವಾರಕ್ಕೆ ಎರಡು ದಿನ ರಾತ್ರಿ, ಮನೆಯ ಕಂಪ್ಯೂಟರಿನ ಮೂಲಕ, ಕುನ್‌ಮಿಂಗ್ ನಗರದ ತರುಣ ಶಿಕ್ಷಕಿಯೊಬ್ಬರು ಪಾಠ ಹೇಳಿದರು. ಅವರಿಗೆ ನನ್ನ ಮಗಳ ವಯಸ್ಸು.

ಅವರು ಕಲಿಸಿದ ಮೊದಲ ವಾಕ್ಯ ‘ನಮಸ್ಕಾರ’ ಅಲ್ಲ, ‘ನನ್ನ ಹೆಸರು ಇಂಥದು’ ಎಂಬುದೂ ಅಲ್ಲ. ‘ವೊ ಥಿಂಗ್ ಪು ತುಂಗ್’ ಎಂಬುದು ಅವರ ಮೊದಲ ಪಾಠ. ‘ನನಗೆ ಕೇಳಿಸಿತು, ಆದರೆ ತಿಳಿಯಲಿಲ್ಲ’ ಎಂಬುದು ಅದರ ಭಾವ. ಬರೆದದ್ದು ತಿಳಿಯದಿದ್ದರೆ ‘ಖಾನ್ ಪು ತುಂಗ್’, ಅಂದರೆ ‘ಕಂಡಿತು, ತಿಳಿಯಲಿಲ್ಲ’ ಎನ್ನಬೇಕು. ಕಿವಿಯ ದೋಷವಿಲ್ಲ, ಕಣ್ಣಿನ ದೋಷವಿಲ್ಲ, ತಿಳಿವು ಮಾತ್ರ ಆಗಿಲ್ಲ ಎಂದು ಆ ಭಾಷೆ ಬಿಡಿಸಿ ಹೇಳುತ್ತದೆ. ಪ್ರತಿ ಪಾಠದಲ್ಲಿಯೂ ನಾನು ಅದನ್ನು ಕನಿಷ್ಠ ಐದು ಸಲ ಹೇಳಬೇಕೆಂದು ಅವರು ನಿಯಮ ಮಾಡಿದರು. ಹೇಳದಿದ್ದ ದಿನ, ‘ಇಂದು ನೀವು ಏನನ್ನೋ ಮುಚ್ಚಿಡುತ್ತಿದ್ದೀರಿ’ ಎನ್ನುತ್ತಿದ್ದರು. ಮೂವತ್ತು ವರ್ಷ ಕಲಿಸಿದ ಮಾಸ್ತರನಿಗೆ ಮೊದಲ ತಿಂಗಳು ಆ ಐದು ಸಲ ಹೇಳುವುದು ಐದು ಬೆತ್ತದೇಟಿನಷ್ಟೇ ಕಷ್ಟವಾಯಿತು.

ಧ್ವನಿಯ ವಿಷಯದಲ್ಲಿ ಕನ್ನಡ ನನ್ನ ಕೈಹಿಡಿಯಿತು. ಚೀನೀಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಒಂದು ಕ್ರಮವುಂಟು. ಅದರಲ್ಲಿ ‘ಬಿ’ ಎಂದು ಬರೆದದ್ದು ನಮ್ಮ ‘ಪ’, ‘ಪಿ’ ಎಂದು ಬರೆದದ್ದು ನಮ್ಮ ‘ಫ’. ಹಾಗೆಯೇ ‘ಡಿ’ ಎಂದರೆ ‘ತ’, ‘ಟಿ’ ಎಂದರೆ ‘ಥ’. ಅಲ್ಪಪ್ರಾಣ ಮಹಾಪ್ರಾಣಗಳ ಭೇದವೇ ಅಲ್ಲಿ ಮುಖ್ಯ. ಇಂಗ್ಲಿಷ್ ಮೂಲಕ ಕಲಿಯುವವನು ಇಲ್ಲಿ ಎಡವುತ್ತಾನೆ; ಕನ್ನಡದ ಕಾಗುಣಿತ ಬಲ್ಲವನಿಗೆ ದಾರಿ ನೇರ. ಆಡುಮಾತಿನಲ್ಲಿ ನಾವು ಮಹಾಪ್ರಾಣವನ್ನು ಬಿಟ್ಟರೂ ನಮ್ಮ ಅಕ್ಷರಮಾಲೆ ಅದನ್ನು ಕಾಯ್ದಿಟ್ಟಿದೆ.

ವಾಕ್ಯರಚನೆಯಲ್ಲಿಯೂ ಹೀಗೆಯೇ. ‘ನಾನು ನಿನ್ನೆ ಕೊಂಡ ಯಂತ್ರ’ ಎಂದು ನಾವು ವಿಶೇಷಣವನ್ನೆಲ್ಲ ಮುಂದಿಟ್ಟು ಯಂತ್ರವನ್ನು ಕೊನೆಗೆ ಹೇಳುತ್ತೇವೆ. ಚೀನೀಯರೂ ಅದೇ ಸಾಲಿನಲ್ಲಿ ಹೇಳುತ್ತಾರೆ. ಇಂಗ್ಲಿಷ್ ಮಾತ್ರ ಯಂತ್ರವನ್ನು ಮೊದಲು ಹೇಳಿ ಉಳಿದದ್ದನ್ನು ಹಿಂದೆ ಕಟ್ಟುತ್ತದೆ. ಕ್ರಿಯಾಪದ ಮಾತ್ರ ನಮ್ಮಂತೆ ಕೊನೆಗೆ ಬರದೆ ಇಂಗ್ಲಿಷಿನಂತೆ ನಡುವೆ ಬರುತ್ತದೆ.

ಕಷ್ಟವಿದ್ದದ್ದು ಸ್ವರದಲ್ಲಿ. ‘ಬಂದಾ?’ ಎಂದು ದನಿ ಏರಿಸಿದರೆ ಪ್ರಶ್ನೆ, ‘ಬಂದ’ ಎಂದು ಇಳಿಸಿದರೆ ಉತ್ತರ. ನಮ್ಮಲ್ಲಿ ಏರಿಳಿತದಿಂದ ವಾಕ್ಯದ ಭಾವ ಬದಲಾಗುತ್ತದೆ. ಚೀನೀಯಲ್ಲಿ ಪದವೇ ಬದಲಾಗುತ್ತದೆ. ‘ಮಾಯ್’ ಎಂಬ ಪದವನ್ನು ತಗ್ಗಿಸಿ ಎತ್ತಿದರೆ ‘ಕೊಳ್ಳು’. ನೇರವಾಗಿ ಕೆಳಗಿಳಿಸಿದರೆ ‘ಮಾರು’. ವ್ಯಾಪಾರದ ಎರಡು ಮೂಲಪದಗಳ ನಡುವೆ ಇರುವುದು ದನಿಯ ಒಂದು ತಿರುವು ಮಾತ್ರ. ಆರು ತಿಂಗಳವರೆಗೆ ನಾನು ಕೊಳ್ಳುವುದನ್ನೆಲ್ಲ ಮಾರುತ್ತಿದ್ದೆ!

ಆಗ ಆರು ಹಂತಗಳಿದ್ದ ಚೀನೀ ಭಾಷಾ ಪರೀಕ್ಷೆಯಲ್ಲಿ ಮುನ್ನೂರು ಪದಗಳ ಎರಡನೆಯ ಹಂತ ತೇರ್ಗಡೆಯಾದೆ; ಆರುನೂರು ಪದಗಳ ಮೂರನೆಯ ಹಂತದಲ್ಲಿ ಮೊದಲ ಸಲ ಕೇಳಿಸಿಕೊಳ್ಳುವ ಭಾಗವೇ ಕೈಕೊಟ್ಟಿತು. ನಾಲ್ಕು ದಶಕಗಳ ನಂತರ ಮತ್ತೆ ನಪಾಸಾದಾಗ, ಹಿಂದಿನ ಬೆಂಚಿನ ಹುಡುಗರೆಲ್ಲ ನೆನಪಾದರು. ಮರುದಿನದಿಂದ ನನ್ನ ಇಂಗ್ಲಿಷ್ ತರಗತಿಯ ಮೊದಲ ಪಾಠವನ್ನು ಬದಲಿಸಿದೆ. ‘ಸರ್, ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ’ ಎಂದು ಇಂಗ್ಲಿಷಿನಲ್ಲಿ ಹೇಳಲು ಕಲಿಸಿದೆ. ಹೇಳಿದ ಮಗುವಿಗೆ ಅಂಕ ಕೊಟ್ಟೆ. ಸೇವೆಯ ಕೊನೆಯ ಮೂರು ವರ್ಷಗಳಲ್ಲಿ, ಮಹಾಮಾರಿಯಿಂದ ಶಾಲೆ ಮುಚ್ಚಿದ ಕಾಲವನ್ನು ಬಿಟ್ಟರೆ, ನಾನು ನಿಜವಾಗಿ ಇಂಗ್ಲಿಷ್ ಕಲಿಸಿದ್ದು ಆಗಲೇ ಎಂಬುದು ನನ್ನ ನಂಬಿಕೆ.

ವರ್ತಕರು ಅರಿಯಬೇಕಾದ ಸಂಗತಿಗಳು

ಚೀನೀ ಭಾಷೆಯನ್ನು ಪೂರ್ತಿಯಾಗಿ ಕಲಿಯಿರೆಂದು ನಾನು ಯಾರಿಗೂ ಹೇಳುವುದಿಲ್ಲ. ಎಲ್ಲಿ ಕಾಲು ಜಾರಬಹುದು ಎಂಬುದನ್ನು ಅರಿತರೆ ಬಹಳ ಮಟ್ಟಿಗೆ ಸಾಕು. ನನ್ನ ಅನುಭವಕ್ಕೆ ಬಂದ ಕೆಲವು ಸ್ಥಳಗಳನ್ನು ಮುಂದೆ ಹೇಳುತ್ತೇನೆ.

ಮೊದಲನೆಯದು ಎಣಿಕೆ. ನಮ್ಮ ಲೆಕ್ಕ ಸಾವಿರ, ಲಕ್ಷ, ಕೋಟಿಗಳಲ್ಲಿ ಸಾಗುತ್ತದೆ. ಇಂಗ್ಲಿಷಿನದು ಸಾವಿರ, ದಶಲಕ್ಷಗಳಲ್ಲಿ. ಚೀನೀಯರದು ಹತ್ತು ಸಾವಿರದಲ್ಲಿ. ಅದಕ್ಕೆ ‘ವಾನ್’ ಎನ್ನುತ್ತಾರೆ. ನಮ್ಮ ಒಂದು ಲಕ್ಷ ಅವರ ಹತ್ತು ವಾನ್. ನಮ್ಮ ಒಂದು ಕೋಟಿ ಅವರ ಸಾವಿರ ವಾನ್. ಅವರ ಮನಸ್ಸಿನ ವಾನ್ ಇಂಗ್ಲಿಷಿಗೆ ಬಂದು, ಅಲ್ಲಿಂದ ನಮ್ಮ ಲಕ್ಷಕ್ಕೆ ಬರುವಷ್ಟರಲ್ಲಿ ಒಂದು ಸೊನ್ನೆ ಎಲ್ಲಿಯಾದರೂ ಕಳೆದುಹೋಗುವುದು ಸುಲಭ.

ಎರಡನೆಯದು ತೂಕ. ಅಲ್ಲಿಯ ಪೇಟೆಯಲ್ಲಿ ‘ಚಿನ್’ ಎಂದರೆ ಅರ್ಧ ಕಿಲೋ. ‘ಕುಂಗ್‌ಚಿನ್’ ಎಂದರೆ ಒಂದು ಕಿಲೋ. ಕೃಷಿ ಉತ್ಪನ್ನಗಳ ದರವನ್ನು ಚಿನ್ ಲೆಕ್ಕದಲ್ಲಿ ಹೇಳುವ ರೂಢಿ ಅಲ್ಲಿ ವ್ಯಾಪಕವಾಗಿದೆ. ಒಂದು ಕ್ವಿಂಟಲ್ ಎಂದರೆ ಇನ್ನೂರು ಚಿನ್. ಅಗ್ಗವೆಂದು ಕಂಡ ದರ ದುಪ್ಪಟ್ಟು ಆಗುವುದು ಇಲ್ಲಿಯೇ.

ಮೂರನೆಯದು ರಿಯಾಯಿತಿ. ಅವರು ‘ಎಂಟು ಚ’ ಎಂದರೆ ಹತ್ತರಲ್ಲಿ ಎಂಟು ಪಾಲು ಕೊಡಬೇಕು, ಅಂದರೆ ಪ್ರತಿಶತ 20 ಕಡಿತ ಎಂದರ್ಥ. ಅವರು ಹೇಳುವುದು ಕೊಡಬೇಕಾದ ಪಾಲನ್ನು. ನಾವು ಹೇಳುವುದು ಬಿಡುವ ಪಾಲನ್ನು.

ನಾಲ್ಕನೆಯದು ಅಂಕಿಗಳ ಉಚ್ಚಾರ. ನಾಲ್ಕಕ್ಕೆ ‘ಸ’, ಹತ್ತಕ್ಕೆ ‘ಶ’. ದಕ್ಷಿಣ ಚೀನಾದಲ್ಲಿ ಸ–ಶ ಭೇದವನ್ನು ಅನೇಕರು ಮಾಡುವುದಿಲ್ಲ. ಹದಿನಾಲ್ಕು, ನಲವತ್ತುಗಳನ್ನು ಆಗ ಸ್ವರದಿಂದ ಮಾತ್ರ ಗುರುತಿಸಬೇಕು. ಆದುದರಿಂದ ಯಾವ ಸಂಖ್ಯೆಯನ್ನೂ ಕಿವಿಯಿಂದ ಒಪ್ಪದೆ ಬರೆಯಿಸಿ ಒಪ್ಪಬೇಕು. ಅವರೂ ಈ ಎಚ್ಚರವನ್ನು ಬಲ್ಲವರೇ. ಒಂದು, ಎರಡು, ಮೂರನ್ನು ಅವರು ಒಂದು, ಎರಡು, ಮೂರು ಅಡ್ಡಗೆರೆಗಳಿಂದ ಬರೆಯುತ್ತಾರೆ. ಒಂದು ಗೆರೆ ಸೇರಿಸಿದರೆ ಒಂದು ಎರಡಾಗಿಬಿಡುತ್ತದೆ. ಅದಕ್ಕಾಗಿ ಚೆಕ್ಕು, ಪಾವತಿಗಳಲ್ಲಿ ತಿದ್ದಲಾಗದ ಬೇರೆ ಜಟಿಲ ಅಂಕಿಗಳನ್ನು ಬಳಸುತ್ತಾರೆ. ನಾವು ಮೊತ್ತವನ್ನು ಅಕ್ಷರದಲ್ಲಿ ಬರೆಯುವಂತೆಯೇ ಇದು.

ಐದನೆಯದು, ಈಗಾಗಲೇ ಹೇಳಿದ ಮುಂಗಡ ಮತ್ತು ಸಂಚಕಾರ.

ಕೆಲವು ಆಕ್ಷೇಪಗಳು

ಇದನ್ನೆಲ್ಲ ಹೇಳಿದಾಗ ವರ್ತಕ ಮಿತ್ರರು ಮೂರು ಆಕ್ಷೇಪಗಳನ್ನು ಎತ್ತುತ್ತಾರೆ. ಇಂಗ್ಲಿಷ್ ಇದ್ದರೆ ಸಾಲದೇ ಎಂಬುದು ಮೊದಲನೆಯದು. ಇಂಗ್ಲಿಷ್ ಅಗತ್ಯ, ಅದರಲ್ಲಿ ಎರಡು ಮಾತಿಲ್ಲ; ಅದನ್ನು ಕಲಿಸಿಯೇ ನಾನು ಅನ್ನ ಉಂಡಿದ್ದೇನೆ. ಆದರೆ ಹಫೆಯ್‌ನ ಯುವತಿಗೂ ನನ್ನ ವಿದ್ಯಾರ್ಥಿಗೂ ಇಂಗ್ಲಿಷ್ ಎರವಲು ಭಾಷೆ. ಆಕೆ ತನ್ನ ಭಾಷೆಯ ಎರಡು ಪದಗಳನ್ನು ಒಂದು ಇಂಗ್ಲಿಷ್ ಪದದಲ್ಲಿ ಸುತ್ತಿದಳು; ಇವನು ಆ ಗಂಟನ್ನು ಬಿಚ್ಚದೆ ತೆಗೆದುಕೊಂಡ.

ಮೊಬೈಲಿನಲ್ಲಿ ಭಾಷಾಂತರ ಸಿಗುತ್ತದಲ್ಲ ಎಂಬುದು ಎರಡನೆಯದು. ಸಿಗುತ್ತದೆ, ನಾನೂ ಬಳಸುತ್ತೇನೆ. ಆದರೆ ಒಂದೇ ಧ್ವನಿಯ ಎರಡು ಪದಗಳಲ್ಲಿ ಆಡಿದ್ದು ಯಾವುದೆಂದು ಯಂತ್ರ ಊಹಿಸಬೇಕಾಗುತ್ತದೆ. ಊಹೆ ತಪ್ಪಿದರೆ ನಷ್ಟ ಯಂತ್ರದ್ದಲ್ಲ. ಏನನ್ನು ಕೇಳಬೇಕೆಂದು ಗೊತ್ತಿರುವವನಿಗೆ ಯಂತ್ರ ಒಳ್ಳೆಯ ಆಳು. ಗೊತ್ತಿಲ್ಲದವನಿಗೆ ಅದೂ ಒಬ್ಬ ದಲಾಲ.

ಗಡಿಯಲ್ಲಿ ನಮ್ಮ ಸೈನಿಕರ ರಕ್ತ ಹರಿಸಿದ ದೇಶದ ಭಾಷೆ ನಮಗೇಕೆ ಎಂಬುದು ಮೂರನೆಯದು. ಈ ನೋವನ್ನು ನಾನು ಅಲ್ಲಗಳೆಯುವುದಿಲ್ಲ. 2020ರ ಗಲ್ವಾನ್ ಘರ್ಷಣೆಯ ನಂತರ ಎರಡೂ ದೇಶಗಳ ಸಂಬಂಧ ಬಿಗಡಾಯಿಸಿತು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, ಕರಡಿನಲ್ಲಿದ್ದ ಚೀನೀ ಭಾಷೆಯ ಹೆಸರನ್ನು ವಿದೇಶಿ ಭಾಷೆಗಳ ಉದಾಹರಣೆಗಳಿಂದ ಕೈಬಿಡಲಾಯಿತು. ಆದರೆ ವ್ಯಾಪಾರ ನಿಲ್ಲಲಿಲ್ಲ. 2024–25ರ ಆರ್ಥಿಕ ವರ್ಷದಲ್ಲಿ ಚೀನಾದಿಂದ ನಮ್ಮ ಆಮದು 113 ಶತಕೋಟಿ ಡಾಲರುಗಳನ್ನು ದಾಟಿತು. ಆ ದೇಶಕ್ಕೆ ನಮ್ಮ ರಫ್ತು 14 ಶತಕೋಟಿಯ ಆಸುಪಾಸಿನಲ್ಲಿಯೇ ಉಳಿಯಿತು. 2020ರಲ್ಲಿ ನಿಂತಿದ್ದ ನೇರ ವಿಮಾನ ಸಂಚಾರವೂ 2025ರ ಅಕ್ಟೋಬರಿನಲ್ಲಿ ಪುನರಾರಂಭವಾಯಿತು. ಕೊಳ್ಳುವುದನ್ನು ಬಿಡುತ್ತೇವೆಂದರೆ ಅದು ಬೇರೆ ಚರ್ಚೆ. ಕೊಳ್ಳುತ್ತಲೇ ಇದ್ದು ಮಾರುವವನ ಮಾತು ತಿಳಿಯದಿರುವುದು ದೇಶಾಭಿಮಾನವಲ್ಲ; ಅದು ನಷ್ಟದ ವ್ಯವಹಾರ. ಎದುರಾಳಿಯೆಂದು ಭಾವಿಸಿದರೂ ಅವನ ಮಾತು ಅರಿಯುವ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಈ ಭಾಷೆ ನಮ್ಮವರ ಬಾಯಿಗೆ ಹತ್ತದೆಂಬ ಸಂಶಯವೂ ಬೇಡ. ನಮ್ಮ ನೆರೆಯ ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿದ ಡಾ. ದ್ವಾರಕಾನಾಥ ಕೋಟ್ನೀಸರು 1938ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಕಳಿಸಿದ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು. ಯುದ್ಧರಂಗದ ಆಸ್ಪತ್ರೆಗಳಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ನೀಡುತ್ತಲೇ ಆ ಭಾಷೆಯನ್ನು ಕಲಿತು, ಅಲ್ಲಿಯ ವಿದ್ಯಾರ್ಥಿಗಳಿಗೆ ಅವರದೇ ಭಾಷೆಯಲ್ಲಿ ವೈದ್ಯವಿದ್ಯೆಯನ್ನು ಬೋಧಿಸಿದರು. 1942ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಗಾಯಾಳುವಿಗೆ ಎಲ್ಲಿ ನೋವೆಂದು ಕೇಳದೆ ವೈದ್ಯನ ಕೆಲಸ ಸಾಗದು. ಕೇಳಬೇಕಾದ ಅಗತ್ಯವೇ ಅವರ ಗುರುವಾಗಿರಬೇಕು ಎಂದು ನನಗೆ ಅನಿಸುತ್ತದೆ. ನನ್ನ ತಂದೆಯವರು ತಕ್ಕಡಿಯ ಬಳಿ ಕಲಿತದ್ದೂ ಇದೇ ರೀತಿಯಲ್ಲಿ.

ಮಾಡಬಹುದಾದದ್ದು

ಈ ವಿಷಯದಲ್ಲಿ ವಾಣಿಜ್ಯೋದ್ಯಮ ಸಂಸ್ಥೆಯ ಮುಂದೆ ಮೂರು ಸಲಹೆಗಳನ್ನು ಸವಿನಯವಾಗಿ ಇಡಬಯಸುತ್ತೇನೆ.

ಒಂದು, ವಾರಕ್ಕೊಂದು ಸಂಜೆಯಂತೆ ಹನ್ನೆರಡು ವಾರಗಳ ‘ವ್ಯಾಪಾರೀ ಚೀನೀ’ ತರಗತಿಯನ್ನು ನಡೆಸಬೇಕು. ಗುರಿ ನೂರೈವತ್ತು ಪದಗಳಷ್ಟೇ: ಅಂಕಿ, ತೂಕ, ದರ, ಮುಂಗಡ, ಸಂಚಕಾರ, ಗಡುವು, ದುರಸ್ತಿ. ಮೊದಲ ದಿನದ ಪಾಠ ಮಾತ್ರ ‘ಥಿಂಗ್ ಪು ತುಂಗ್’ ಆಗಿರಲಿ. ಅದೇ ಸಂಜೆಗಳಲ್ಲಿ, ದೂರವಾಣಿಯಲ್ಲಿ ಇಂಗ್ಲಿಷ್ ಮಾತು ತಿಳಿಯದಾಗ ತಡೆದು ಕೇಳುವ ಅಭ್ಯಾಸವನ್ನೂ ಮಾಡಿಸಬೇಕು.

ಎರಡು, ಕನ್ನಡ–ಇಂಗ್ಲಿಷ್–ಚೀನೀ ವ್ಯಾಪಾರ ಪದಗಳ ಒಂದು ಕಿರುಹೊತ್ತಿಗೆಯನ್ನು ಕನ್ನಡ ಲಿಪಿಯಲ್ಲಿಯೇ ಉಚ್ಚಾರ ಕೊಟ್ಟು ಪ್ರಕಟಿಸಬೇಕು. ಚೀನೀ ಅಕ್ಷರವನ್ನೂ ಪಕ್ಕದಲ್ಲಿ ದೊಡ್ಡದಾಗಿ ಮುದ್ರಿಸಬೇಕು. ಒಪ್ಪಂದದಲ್ಲಿರುವ ಅಕ್ಷರವನ್ನು ಅದರೊಡನೆ ತಾಳೆ ನೋಡಲು ಭಾಷೆ ಬರಬೇಕಿಲ್ಲ, ಕಣ್ಣಿದ್ದರೆ ಸಾಕು. ನನ್ನ ಟಿಪ್ಪಣಿಗಳನ್ನು ಇದಕ್ಕಾಗಿ ಕೊಡಲು ಸಿದ್ಧನಿದ್ದೇನೆ, ಸಂಭಾವನೆ ಬೇಡ.

ಮೂರು, ನಿಮ್ಮ ಊರಿನ ಶಾಲೆಗಳಿಗೆ ನೀವು ಬಹುಮಾನ, ದೇಣಿಗೆ ಕೊಡುತ್ತೀರಿ. ಅತಿ ಹೆಚ್ಚು ಅಂಕ ಪಡೆದವರಿಗೆ ಕೊಡುವಂತೆ, ತರಗತಿಯಲ್ಲಿ ಅತ್ಯುತ್ತಮ ಪ್ರಶ್ನೆ ಕೇಳಿದ ಮಗುವಿಗೂ ಒಂದು ಬಹುಮಾನವಿಡಿ. ನಾಳೆ ನಿಮ್ಮ ಗಲ್ಲೆಯಲ್ಲಿ ಕುಳಿತುಕೊಳ್ಳುವವರು ಆ ಮಕ್ಕಳೇ.

ನನ್ನ ವಿದ್ಯಾರ್ಥಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. 2023ರಲ್ಲಿ ಅವನು ಮತ್ತೆ ಯಂತ್ರ ಕೊಳ್ಳಲು ಹೊರಟ. ಈ ಸಲ ಬೇರೆ ಕಾರ್ಖಾನೆ. ನನ್ನ ಮನೆಯ ಪಡಸಾಲೆಯಲ್ಲಿ ಕುಳಿತು ದೃಶ್ಯ ಕರೆಯಲ್ಲಿ ಮಾತನಾಡಿದ. ನಾನು ಪಕ್ಕದಲ್ಲಿದ್ದೆ; ಆದರೆ ಬಾಯಿ ಹಾಕಬೇಡಿರೆಂದು ಅವನೇ ಹೇಳಿದ್ದ. ಮೂರು ಸಲ ತಡೆದು ‘ವೊ ಥಿಂಗ್ ಪು ತುಂಗ್’ ಎಂದ. ಮೊದಲ ಸಲ ಆ ಕಡೆಯವರು ನಕ್ಕರು; ಎರಡನೆಯ ಸಲ ನಿಧಾನವಾಗಿ ಹೇಳಿದರು; ಮೂರನೆಯ ಸಲ ಕಾಗದದ ಮೇಲೆ ಬರೆದು ತೋರಿಸಿದರು. ಅದು ಸಂಚಕಾರದ ಅಕ್ಷರವೇ ಆಗಿತ್ತು. ಇವನು ಪ್ರತಿಶತ ಇಪ್ಪತ್ತನ್ನು ಹತ್ತಕ್ಕೆ ಇಳಿಸಿದ. ಸಾಲ ಸಿಗದಿದ್ದರೆ ಹಣ ಮರಳಿಸಬೇಕೆಂಬ ಷರತ್ತನ್ನು ಅವರು ಒಪ್ಪಲಿಲ್ಲ. ‘ಹಂಗಾದರ ಬ್ಯಾಂಕಿನ ಕಾಗದ ಕೈಗೆ ಬಂದ ಮ್ಯಾಲ ರೊಕ್ಕ ಕಳಿಸ್ತೀನಿ’ ಎಂದು ನನಗೆ ಹೇಳಿ, ಹಾಗೆಯೇ ಮಾಡಿದ. ಯಂತ್ರ ಈಗ ಅವನ ಗಿರಣಿಯಲ್ಲಿ ತಿರುಗುತ್ತಿದೆ.

ಹೋದ ಎರಡು ಲಕ್ಷ ಮರಳಿ ಬರಲಿಲ್ಲ. ಅದರಲ್ಲಿ ನನ್ನ ಪಾಲಿನ ಸಾಲವೂ ಇದೆಯೆಂದು ಭಾವಿಸಿದ್ದೇನೆ. ಈ ಲೇಖನ ಅದರ ಒಂದು ಕಂತು. ಸಂಸ್ಥೆಯ ಪದಾಧಿಕಾರಿಗಳು ಮೇಲಿನ ಸಲಹೆಗಳನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸಬೇಕೆಂದು ವಿನಂತಿ. ಇದರಲ್ಲಿ ಯಾವುದಾದರೂ ಓದುಗರಿಗೆ ತಿಳಿಯದೇ ಇದ್ದರೆ, ದಯವಿಟ್ಟು ಕೇಳಿರಿ.